ನುಡಿಸುತ್ತಿರುವಾಗಲೇ ಮೂಡುವ ಸ್ವರಲಿಪಿ

ಲೇತಿನಲ್ಲಿ ಬೋಲ್ಟಿಗೆ ಥ್ರೆಡ್ ಹಾಕುವುದನ್ನು ದಾವಣಗೆರೆ, ಹರಿಹರಗಳ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರಬಹುದು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳಿಗೆ ಹೆಸರಾಗಿದ್ದಿತು. ಆ ಕಾರ್ಖಾನೆ ಈಗಿಲ್ಲ. ಲೇತಿನ ತತ್ತ್ವ ಮಾತ್ರ ಹಳೆಯದಾಗಿಲ್ಲ. ಲೀಡ್ ಸ್ಕ್ರೂ ಎಂಬ ಉದ್ದನೆಯ ತಿರುಪು ಒಂದು ಸುತ್ತು ಸುತ್ತಿದಾಗ ಉಳಿಯು 6 ಮಿಲಿಮೀಟರ್ ಸರಿಯುತ್ತದೆ ಎಂದಿಟ್ಟುಕೊಳ್ಳೋಣ. ನಮಗೆ ಬೇಕಾದುದು 2 ಮಿಲಿಮೀಟರ್ ಅಂತರದ ಥ್ರೆಡ್. ಕೆಲಸಗಾರನು 20 ಹಲ್ಲಿನ ಚಕ್ರದಿಂದ 60 ಹಲ್ಲಿನ ಚಕ್ರ ತಿರುಗುವಂತೆ ಹೊಂದಿಸುತ್ತಾನೆ. ಅವನು ಯಂತ್ರಕ್ಕೆ ಒಂದಕ್ಷರವನ್ನೂ ಬರೆದುಕೊಡಲಿಲ್ಲ. ಯಾವುದಕ್ಕೆ ಯಾವುದನ್ನು ಜೋಡಿಸಿದನೆಂಬುದೇ ಅವನು ಕೊಟ್ಟ ಆಜ್ಞೆ.

ಗಣಕಯಂತ್ರಕ್ಕೂ ಹೀಗೆಯೇ ಆಜ್ಞೆ ಕೊಡಬಹುದು. ಪರದೆಯ ಮೇಲೆ ಸಣ್ಣ ಪೆಟ್ಟಿಗೆಗಳನ್ನಿಟ್ಟು, ಅವುಗಳ ನಡುವೆ ಗೆರೆಗಳನ್ನೆಳೆದರೆ, ಒಂದು ಪೆಟ್ಟಿಗೆಯಿಂದ ಹೊರಟ ಸಂಖ್ಯೆ ಗೆರೆಯ ಗುಂಟ ಇನ್ನೊಂದಕ್ಕೆ ಸೇರುತ್ತದೆ. ಇದೇ ಚಿತ್ರರೂಪದ ಪ್ರೋಗ್ರಾಮಿಂಗ್. ಸಂಗೀತಕ್ಕಾಗಿ ಇಂತಹ ‘ಮ್ಯಾಕ್ಸ್’ ಎಂಬ ಸಾಧನವನ್ನು 1980ರ ದಶಕದಲ್ಲಿ ಪ್ಯಾರಿಸಿನ ಇರ್ಕಾಮ್ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ರಚಿಸಿದರು. ಮುಂದಿನ ದಶಕದಲ್ಲಿ ಅವರೇ ರಚಿಸಿದ ‘ಪ್ಯೂರ್ ಡೇಟಾ’ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ.

ಗಣಕವು ತಂತಿವಾದ್ಯಗಳಿಗೆ ಸ್ವರ ಹೊಸೆದುದು ಇದಕ್ಕೂ ಹಿಂದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಿಲ್ಲರ್ ಮತ್ತು ಐಸಾಕ್‌ಸನ್ ಎಂಬವರು 1957ರ ವೇಳೆಗೆ ‘ಇಲಿಯಾಕ್’ ಗಣಕದ ನೆರವಿನಿಂದ ನಾಲ್ಕು ತಂತಿವಾದ್ಯಗಳ ಒಂದು ಕೃತಿಯನ್ನು ಪೂರೈಸಿದ್ದರು. ಗಣಕವು ಗೊತ್ತುಗುರಿಯಿಲ್ಲದೆ ಸಂಖ್ಯೆಗಳನ್ನು ಹುಟ್ಟಿಸುವುದು, ನಿಯಮಕ್ಕೆ ಹೊಂದದವನ್ನು ತಳ್ಳಿಹಾಕುವುದು; ಉಳಿದುದನ್ನು ಮನುಷ್ಯರು ಸ್ವರಲಿಪಿಗೆ ಇಳಿಸಿದರು. ವಾದಕರ ಕೈಗೆ ಬಂದುದು ಸಿದ್ಧವಾದ ಕಾಗದ. ಈಗ ನಾವು ಹೇಳಹೊರಟಿರುವುದು ಕಛೇರಿ ನಡೆಯುತ್ತಿರುವಾಗಲೇ ವಾದಕನ ಮುಂದಿನ ಪರದೆಯಲ್ಲಿ ಮೂಡುವ ಲಿಪಿಯನ್ನು.

ಮೋಹನ ರಾಗವನ್ನೇ ತೆಗೆದುಕೊಳ್ಳಿ. ‘ಮೆಟ್ರೋ’ ಎಂಬ ಪೆಟ್ಟಿಗೆಗೆ 1000 ಎಂದು ಕೊಟ್ಟರೆ ಅದು 1000 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೊಂದು ತಟ್ಟು ತಟ್ಟುತ್ತದೆ. ಆ ತಟ್ಟನ್ನು ‘ರ್‍ಯಾಂಡಮ್ 5’ ಎಂಬ ಪೆಟ್ಟಿಗೆಗೆ ಒಯ್ದರೆ ಪ್ರತಿ ಸಲವೂ 0ಯಿಂದ 4ರವರೆಗಿನ ಯಾವುದೋ ಒಂದು ಸಂಖ್ಯೆ ಹೊರಬೀಳುವುದು. (ಸೊನ್ನೆಯಿಂದ ಎಣಿಸುವುದು ಗಣಕದ ಹಟ, ಮೊದಲ ಸಲ ಎಲ್ಲರೂ ಇಲ್ಲಿ ಎಡವುತ್ತಾರೆ.) ಸಂಖ್ಯೆಗೊಂದರಂತೆ ಸ, ರಿ, ಗ, ಪ, ದ ಎಂದು ತೋರಿಸಿದರೆ ಲಿಪಿ ಸಿದ್ಧ. ಒಂದೊಂದು ನೆಗೆತವು ಪಿಟೀಲು ವಾದಕನಿಗೆ ಕಷ್ಟವಲ್ಲ. ಆದರೆ ನೆಗೆತದ ಮೇಲೆ ನೆಗೆತ ಬಂದರೆ ಬೆರಳೂ ದಣಿಯುತ್ತದೆ, ಮೋಹನವೂ ಮೋಹನವಾಗಿ ಉಳಿಯುವುದಿಲ್ಲ. ಆದುದರಿಂದ ಹಿಂದಿನ ಸಂಖ್ಯೆಗಿಂತ ಎರಡಕ್ಕೂ ಹೆಚ್ಚು ದೂರವಿರುವುದನ್ನು ತಡೆಯುವ ಇನ್ನೊಂದು ಪೆಟ್ಟಿಗೆ ಬೇಕು. ಹಿಲ್ಲರ್ ಅವರ ಜರಡಿಯೇ ಇದು, ಚಿಕ್ಕ ಗಾತ್ರದಲ್ಲಿ.

ಇಷ್ಟಾದರೂ ಮುಖ್ಯ ತೊಡಕು ಉಳಿಯಿತು. ಸ್ವರವನ್ನು ನುಡಿಸಬೇಕಾದ ಕ್ಷಣದಲ್ಲೇ ತೋರಿಸಿದರೆ ವಾದಕನು ಓದುವುದೆಂದು, ಕಮಾನನ್ನು ತಿರುಗಿಸುವುದೆಂದು? ನಾಲ್ಕು ಸ್ವರ ಮುಂಚಿತವಾಗಿ ತೋರಿಸೋಣವೆಂದರೆ ಅವನಿಗೆ 4 ಸೆಕೆಂಡುಗಳ ಬಿಡುವು ಸಿಗುತ್ತದೆ. ಆದರೆ ವಾದಕನು ಈಗ ನುಡಿಸಿದುದನ್ನು ಕೇಳಿ ಗಣಕವು ಕೊಡುವ ಉತ್ತರವೂ 4 ಸೆಕೆಂಡು ತಡವಾಗಿ ಬರುತ್ತದೆ. ಬಿಡುವು ಹೆಚ್ಚಿದಷ್ಟೂ ಅದು ಮೊದಲೇ ಬರೆದಿಟ್ಟ ಕಾಗದಕ್ಕೆ ಸಮೀಪ. ಕಡಮೆಯಾದಷ್ಟೂ ವಾದಕನು ಯಂತ್ರದ ಹಿಂದೆ ಓಡುವ ಆಳು. ನಮ್ಮ ಕಛೇರಿಗಳಲ್ಲಿ ಗಾಯಕನ ಆಲಾಪನೆಯನ್ನು ಪಿಟೀಲು ಕ್ಷಣಮಾತ್ರದ ಅಂತರದಲ್ಲಿ ಹಿಂಬಾಲಿಸುವುದನ್ನು ನೋಡಿದವರಿಗೆ ಈ 4 ಸೆಕೆಂಡು ಯುಗದಂತೆ ತೋರಬಹುದು. ಆದರೆ ಅಲ್ಲಿ ಕೆಲಸ ಮಾಡುವುದು ಕಿವಿ. ಕಣ್ಣಿಗೆ ಆ ವೇಗವಿಲ್ಲ. ಎರಡು ಸ್ವರಗಳ ಬಿಡುವಿನಿಂದ ಆರಂಭಿಸಿ, ಸ್ನೇಹಿತನೊಬ್ಬನನ್ನು ಕೂರಿಸಿ ನುಡಿಸಿ ನೋಡುವುದೇ ಸರಿಯಾದ ದಾರಿಯೆಂದು ನನ್ನ ಎಣಿಕೆ.

ವಾದಕನ ನಾದವನ್ನು ಕೇಳಿ ಸ್ವರ ಗುರುತಿಸುವ ಪೆಟ್ಟಿಗೆಯೂ ಪ್ಯೂರ್ ಡೇಟಾದಲ್ಲಿ ಉಂಟು. ಅದರ ಹೆಸರೇ ‘ಫಿಡಲ್’, ಎಂದರೆ ನಮ್ಮ ಪಿಟೀಲೇ! ನೀಳವಾಗಿ ನಿಂತ ಷಡ್ಜವನ್ನಾಗಲಿ ಪಂಚಮವನ್ನಾಗಲಿ ಅದು ಚೆನ್ನಾಗಿ ಗುರುತಿಸುತ್ತದೆ. ಗಮಕದ ಮುಂದೆ ಅದಕ್ಕೆ ದಿಗಿಲು. ತೋಡಿಯ ಗಾಂಧಾರವು ರಿಷಭ ಮಧ್ಯಮಗಳ ನಡುವೆ ತೂಗಾಡುವಾಗ ಕೇಳುಗನಿಗೆ ಅದು ಒಂದೇ ಸ್ವರ. ಪೆಟ್ಟಿಗೆಯಿಂದ ಮಾತ್ರ ಸಂಖ್ಯೆಗಳ ಮಳೆ ಸುರಿಯುತ್ತದೆ. ನಾದವು ಸ್ವಲ್ಪ ಹೊತ್ತು ನಿಂತಲ್ಲಿ ಮಾತ್ರ ಸಂಖ್ಯೆಯನ್ನು ಒಪ್ಪುವ ಪೆಟ್ಟಿಗೆಯೊಂದನ್ನು ನಡುವೆ ಸೇರಿಸಿದರೆ ಮೋಹನಕ್ಕೆ ಸಾಕು. ತೋಡಿಗೆ ಅದು ಸಾಲದು.