ಪರಸ್ಥಳದ ಬಿಡಾರದಲ್ಲಿ ಒಡವೆಯ ಕಾವಲು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಹಿಂದೆ ಕೋಡಿಯಮಠವೆಂಬ ದೊಡ್ಡ ಸಂಸ್ಥೆಯಿದ್ದಿತು. ಅಲ್ಲಿ ದೀನರಿಗೂ ಅನಾಥರಿಗೂ ಕುರುಡರಿಗೂ ಸದಾ ಅನ್ನವು ದೊರೆಯುತ್ತಿದ್ದಿತೆಂದೂ, ರೋಗಿಗಳಿಗೆ ಔಷಧೋಪಚಾರವಿದ್ದಿತೆಂದೂ ಕ್ರಿ. ಶ. 1162ರ ಶಾಸನವು ತಿಳಿಸುತ್ತದೆ. ಅತಿಥಿಯ ಗಂಟಿಗೆ ಯಾರು ಹೊಣೆಯೆಂಬ ಪ್ರಶ್ನೆ ಅಲ್ಲಿ ಎದ್ದಿರಲಾರದು. ಅಂಥವರ ಬಳಿ ಗಂಟೇ ಇರುತ್ತಿರಲಿಲ್ಲ. ಇಂದು ಬಳ್ಳಿಗಾವೆ, ತಾಳಗುಂದಗಳ ದೇವಾಲಯಗಳನ್ನು ನೋಡಲು ಶಿಕಾರಿಪುರದಲ್ಲಿಯೂ, ಚಂದ್ರಗುತ್ತಿಯ ರೇಣುಕಾಂಬೆಯ ದರ್ಶನಕ್ಕಾಗಿ ಸೊರಬದಲ್ಲಿಯೂ ತಂಗುವ ಸಂಸಾರಸ್ಥರ ಸಂಗತಿ ಬೇರೆ. ನೆಂಟರ ಮದುವೆಯೂ ಅದೇ ಪ್ರಯಾಣದಲ್ಲಿ ಕೂಡಿಬಂದರಂತೂ ಮನೆಯ ಚಿನ್ನವೆಲ್ಲವೂ ಒಂದು ಕೈಪೆಟ್ಟಿಗೆಯಲ್ಲಿ ಸೇರಿರುತ್ತದೆ.

ಈ ಸೀಮೆಯ ಒಂದು ವಸತಿಗೃಹದಲ್ಲಿ ನಾವು ಇಳಿದಿದ್ದಾಗ, ಎಲ್ಲ ಕೊಠಡಿಗಳ ಬೀಗದಕೈಗಳೂ ಬಾಗಿಲ ಬಳಿಯ ಹಲಗೆಯೊಂದರಲ್ಲಿ ತೂಗಾಡುತ್ತಿದ್ದುವು. ಒಂದೊಂದಕ್ಕೂ ಕೊಠಡಿಯ ಸಂಖ್ಯೆ ಕಟ್ಟಿದ್ದಿತು. ಕೊಕ್ಕೆಯಲ್ಲಿ ಬೀಗದಕೈ ಇದ್ದರೆ ಒಳಗೆ ಯಾರೂ ಇಲ್ಲವೆಂದು ದಾರಿಹೋಕನಿಗೂ ತಿಳಿಯುವಂತಿದ್ದಿತು! ನಾವು ಮರುಮಾತಾಡದೆ ನಮ್ಮ ಸ್ವಂತ ಬೀಗವನ್ನೇ ಹಾಕಿಕೊಂಡೆವು. ಹಳೆಯ ಚಿಲಕದ ಬಾಗಿಲುಗಳಿಗೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಆದರೆ ಬೀಗಕ್ಕಿಂತಲೂ ಮುಖ್ಯವಾದುದೊಂದುಂಟು. ವಸ್ತುವನ್ನು ಒಪ್ಪಿಸಿಕೊಡುವುದು ಬೇರೆ, ಕೊಠಡಿಯಲ್ಲಿ ಬಿಟ್ಟುಹೋಗುವುದು ಬೇರೆ. ಬಳ್ಳಿಗಾವೆಯು ಚಾಲುಕ್ಯರ ಆಳಿಕೆಗೆ ಸೇರಿದ್ದ ಕಾಲದಲ್ಲಿಯೇ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಎಣಿಸಿ ತೋರಿಸಿ ಇಟ್ಟುದು ನಿಕ್ಷೇಪ, ಒಳಗಿರುವುದನ್ನು ಹೇಳದೆ ಮುದ್ರೆಯೊತ್ತಿ ಕೊಟ್ಟುದು ಉಪನಿಧಿ. ಒಪ್ಪಿಸಿದ ವಸ್ತುವನ್ನು ಕಳ್ಳರು ಕೊಂಡುಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲವೆಂದು ಆ ಸ್ಮೃತಿಯ ಮತ. ಇಂದಿನ ನ್ಯಾಯ ಅಷ್ಟು ಉದಾರವಾದುದಲ್ಲ. 1872ರ ಕರಾರು ಕಾಯಿದೆಯ 151ನೆಯ ಕಲಮಿನಂತೆ, ವಸ್ತುವನ್ನು ವಹಿಸಿಕೊಂಡವನು ಸಾಮಾನ್ಯ ವಿವೇಕಿಯು ತನ್ನ ಸ್ವತ್ತನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳತಕ್ಕದ್ದು. 1998ರಲ್ಲಿ ದೆಹಲಿಯ ಹೋಟೆಲೊಂದರ ಸಿಬ್ಬಂದಿಯ ಕೈಗೆ ಒಪ್ಪಿಸಿದ ಮೋಟಾರುಕಾರು ಕಳವಾಯಿತು. ಚೀಟಿಯಲ್ಲಿ ‘ಮಾಲಿಕರದೇ ಹೊಣೆ’ ಎಂದು ಅಚ್ಚುಹಾಕಿದ ಮಾತ್ರಕ್ಕೆ ಹೋಟೆಲಿನವರು ತಮ್ಮ ಅಜಾಗರೂಕತೆಯಿಂದ ಪಾರಾಗಲಾರರೆಂದೂ, ತಕ್ಕ ಎಚ್ಚರ ವಹಿಸಿದ್ದೆವೆಂದು ತೋರಿಸತಕ್ಕ ಭಾರ ಅವರದೇ ಎಂದೂ 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಕೊಠಡಿಯಲ್ಲಿ ಬಿಟ್ಟ ಒಡವೆಗೆ ಈ ಅನುಕೂಲವಿಲ್ಲ. ಅಲ್ಲಿ ಹೋಟೆಲಿನವರ ತಪ್ಪನ್ನು ನಾವೇ ಎತ್ತಿ ತೋರಿಸಬೇಕಾದೀತು.

ಆದಕಾರಣ ಒಡವೆಯನ್ನು ಒಯ್ಯಲೇಬೇಕಾದರೆ ವ್ಯವಸ್ಥಾಪಕನ ಎದುರಿಗೆ ಎಣಿಸಿ, ವಿವರ ಬರೆಯಿಸಿ, ರಸೀತಿ ಪಡೆದು ಒಪ್ಪಿಸುವುದೇ ಲೇಸು. ಆತನು ಒಲ್ಲೆನೆಂದರೆ ಮೈಮೇಲೆಯೇ ಇರಲಿ. ಕೆಲವು ಕೊಠಡಿಗಳಲ್ಲಿರುವ ಸಂಖ್ಯೆಯ ಕಬ್ಬಿಣದ ಪೆಟ್ಟಿಗೆಯನ್ನು ಅತಿಯಾಗಿ ನಂಬಲಾಗದು. ಅತಿಥಿಯು ಸಂಖ್ಯೆಯನ್ನು ಮರೆತರೆ ತೆರೆಯಲೆಂದು ಆಡಳಿತದವರ ಬಳಿ ಬೇರೊಂದು ಸಾಧನವಿರುತ್ತದೆ. ಹುಟ್ಟಿದ ವರ್ಷವನ್ನೇ ಸಂಖ್ಯೆಯಾಗಿಡುವವರು ಬಹಳ. ವಯಸ್ಸನ್ನು ಮರೆಮಾಚುವ ನಮ್ಮ ಮಿತ್ರರೂ ಇದರಲ್ಲಿ ಸೇರಿದ್ದಾರೆ.

ಹೊರಡುವ ಮುನ್ನ ಒಡವೆಗಳ ಚಿತ್ರ ತೆಗೆದು, ತೂಕವನ್ನು ಬರೆದು, ಅಂಗಡಿಯ ಬಿಲ್ಲುಗಳೊಡನೆ ಮನೆಯಲ್ಲಿಟ್ಟಿರಬೇಕು. ಕಳವಾದರೆ ಕೊಠಡಿಯ ಯಾವ ವಸ್ತುವನ್ನೂ ಮುಟ್ಟದೆ ಪೊಲೀಸರಿಗೆ ತಿಳಿಸತಕ್ಕದ್ದು. ಊರಿಗೆ ಮರಳಿದ ಬಳಿಕ ಗೊತ್ತಾದರೂ ಸೊರಬಕ್ಕೋ ಶಿಕಾರಿಪುರಕ್ಕೋ ಮತ್ತೆ ಓಡಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಪರಾಧವು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ದೂರನ್ನು ಕೊಡಬಹುದು. ದಾಖಲಾದ ದೂರಿನ ಪ್ರತಿಯೊಂದನ್ನು ಠಾಣೆಯವರು ನಮಗೆ ಉಚಿತವಾಗಿ ಕೊಡತಕ್ಕದ್ದು.