ಕೀಲಿ ಒತ್ತಿದಾಗ ಪರದೆ ಹೇಳುವ ಮಾತು

ಲ್ಯಾಪ್‌ಟಾಪ್ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಧ್ವನಿಯನ್ನು ಏರಿಸುವ, ಇಳಿಸುವ, ಅಡಗಿಸುವ ಕೀಲಿಗಳೂ ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕೀಲಿಗಳೂ ಇರುತ್ತವೆ. ಇವನ್ನು ವಿಶೇಷ ಕೀಲಿಗಳು ಎನ್ನುತ್ತಾರೆ. ಅಕ್ಷರದ ಕೀಲಿ ಒತ್ತಿದರೆ ಅಕ್ಷರ ಕಣ್ಣೆದುರೇ ಮೂಡುತ್ತದೆ. ಧ್ವನಿಯ ಕೀಲಿ ಒತ್ತಿದಾಗ ಹಾಡಾಗಲಿ ಮಾತಾಗಲಿ ಕೇಳಿಬರುತ್ತಿಲ್ಲದಿದ್ದರೆ, ಕೀಲಿ ಕೆಲಸ ಮಾಡಿತೋ ಇಲ್ಲವೋ ತಿಳಿಯುವುದಿಲ್ಲ. ಆ ಹೊತ್ತಿಗೆ ಕ್ಷಣಕಾಲ ಕಾಣಿಸಿಕೊಂಡು ಮರೆಯಾಗುವ ಪುಟ್ಟ ಪಟ್ಟಿಯೇ ಪರದೆ ಸೂಚನೆ. ಕ್ಯಾಪ್ಸ್ ಲಾಕ್ ದೀಪವಿಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು.

ಕೀಲಿಯಿಂದ ಪರದೆಯವರೆಗೆ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಪ್ರತಿ ಕೀಲಿಗೂ ಒಂದು ಸಂಖ್ಯೆಯಿದೆ. ಧ್ವನಿ ಅಡಗಿಸುವ ಕೀಲಿಗೆ 113, ಇಳಿಸುವುದಕ್ಕೆ 114, ಏರಿಸುವುದಕ್ಕೆ 115. ಬೆಳಕು ಇಳಿಸಲು 224, ಏರಿಸಲು 225. ಪರದೆಯಲ್ಲಿ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆ ಈ ಸಂಖ್ಯೆಗೆ 8 ಕೂಡಿಸಿಕೊಳ್ಳುವುದರಿಂದ ಅಲ್ಲಿ 113 ಎಂಬುದು 121 ಆಗಿ ಕಾಣುತ್ತದೆ. ಡೆಸ್ಕ್‌ಟಾಪ್ ತಂತ್ರಾಂಶ ಈ ಸಂಖ್ಯೆಯನ್ನು ಗುರುತಿಸಿ, ಧ್ವನಿಯನ್ನು ಬದಲಿಸಿ, ಹೊಸ ಮಟ್ಟವನ್ನು ಪರದೆಯಲ್ಲಿ ತೋರಿಸುತ್ತದೆ. ಹಳೆಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಕೀಲಿಗಳ ಕೆಲಸವನ್ನು ಯಂತ್ರವೇ ಒಳಗೊಳಗೆ ಮುಗಿಸಿಬಿಡುತ್ತಿತ್ತು. ಅವಕ್ಕಾಗಿ ಟಿಪಿಬಿ ಎಂಬ ತಂತ್ರಾಂಶ ಯಂತ್ರದ ನೆನಪಿನ ಕೋಶವನ್ನು ಆಗಾಗ ಓದಿ, ಬದಲಾವಣೆ ಕಂಡಾಗ ಪರದೆಯ ಮೇಲೆ ಸೂಚನೆ ಬರೆಯುತ್ತಿತ್ತು.

ಹೊಂದಿಸುವ ಬಗೆ

ಗ್ನೋಮ್ ಮತ್ತು ಕೆಡಿಇ ಡೆಸ್ಕ್‌ಟಾಪ್‌ಗಳಲ್ಲಿ ಈ ಏರ್ಪಾಡು ಮೊದಲೇ ಇರುತ್ತದೆ. ಐ3, ಓಪನ್‌ಬಾಕ್ಸ್‌ನಂಥ ಹಗುರ ವ್ಯವಸ್ಥೆ ಬಳಸುವವರು ತಾವೇ ಹೊಂದಿಸಿಕೊಳ್ಳಬೇಕು. ಮೊದಲು ಡನ್‌ಸ್ಟ್‌ನಂಥ ಸೂಚನೆ ತೋರಿಸುವ ತಂತ್ರಾಂಶ ಸದಾ ಚಾಲನೆಯಲ್ಲಿರಬೇಕು. ಎಕ್ಸ್‌ಇವಿ ಆದೇಶ ಕೊಟ್ಟು ಕೀಲಿ ಒತ್ತಿ ನೋಡಿದರೆ ಅದರ ಸಂಖ್ಯೆಯೂ ಹೆಸರೂ ಸಿಗುತ್ತವೆ. ಬಳಿಕ ಆ ಕೀಲಿಗೆ ಒಂದು ಚಿಕ್ಕ ಸ್ಕ್ರಿಪ್ಟ್ ಜೋಡಿಸಬೇಕು. ಸ್ಕ್ರಿಪ್ಟ್ ಮೂರು ಕೆಲಸ ಮಾಡುತ್ತದೆ: ಪಿಎಸಿಟಿಎಲ್ ಮೂಲಕ ಧ್ವನಿಯನ್ನೋ ಬ್ರೈಟ್‌ನೆಸ್‌ಸಿಟಿಎಲ್ ಮೂಲಕ ಬೆಳಕನ್ನೋ ಬದಲಿಸುವುದು, ಹೊಸ ಮಟ್ಟವನ್ನು ಓದುವುದು, ಅದನ್ನು ನೋಟಿಫೈ-ಸೆಂಡ್ ಮೂಲಕ ತೋರಿಸುವುದು. ಈ ಕ್ರಮ ತಪ್ಪಿದರೆ ಪರದೆ ಹಳೆಯ ಮಟ್ಟವನ್ನೇ ತೋರಿಸುತ್ತದೆ. ಕೀಲಿಯನ್ನು ಐದು ಸಲ ಒತ್ತಿದರೆ ಐದು ಪಟ್ಟಿಗಳು ಸಾಲುಗಟ್ಟದಂತೆ, ಹೊಸ ಸೂಚನೆ ಹಳೆಯದರ ಜಾಗದಲ್ಲೇ ಮೂಡುವಂತೆ ಹೊಂದಿಸುವುದೂ ಮುಖ್ಯ.

ಸೂಚನೆ ಕನ್ನಡದಲ್ಲಿ

ಪಟ್ಟಿಯ ಮೇಲೆ ‘ಧ್ವನಿ’ ಎಂದು ಬರೆಯಿಸುವುದು ಸುಲಭದಂತೆ ತೋರುತ್ತದೆ. ಆದರೆ ಧಕಾರದ ಕೆಳಗೆ ವಕಾರದ ಒತ್ತು ಸರಿಯಾಗಿ ಕೂರಬೇಕಾದರೆ ಕನ್ನಡದ ಜೋಡಣೆ ಬಲ್ಲ ತಂತ್ರಾಂಶವೂ ಫಾಂಟೂ ಬೇಕು. ಭಾರತೀಯ ಲಿಪಿಗಳಿಗಾಗಿ ಇಂಥ ಕೆಲಸ ಬಹಳಷ್ಟು ನಡೆದದ್ದು ಪುಣೆಯಲ್ಲಿ. 1988ರಲ್ಲಿ ಅಲ್ಲಿ ಆರಂಭವಾದ ಸಿ-ಡ್ಯಾಕ್ ಸಂಸ್ಥೆ, ಕಾನ್ಪುರದ ಐಐಟಿಯಲ್ಲಿ ಮೊದಲಾಗಿದ್ದ ಜಿಸ್ಟ್ ತಂತ್ರಜ್ಞಾನವನ್ನು ಮುಂದುವರಿಸಿತು. ಜಿಸ್ಟ್ ಕಾರ್ಡ್ ಕೂರಿಸಿದ ಸಾಮಾನ್ಯ ಕಂಪ್ಯೂಟರಿನಲ್ಲೂ ಭಾರತೀಯ ಲಿಪಿಗಳು ಮೂಡಿದವು. ಮುಂದೆ ರೆಡ್ ಹ್ಯಾಟ್ ಸಂಸ್ಥೆ ಲೋಹಿತ್ ಫಾಂಟ್‌ಗಳನ್ನು 2004ರಲ್ಲಿ ಮುಕ್ತ ಪರವಾನಗಿಯಡಿ ಹೊರತಂದಿತು. ಸಂಸ್ಥೆಯ ಪುಣೆ ಕಚೇರಿಯ ತಂತ್ರಜ್ಞರು ಅವನ್ನು ತಿದ್ದಿ ಬೆಳೆಸಿದರು. ಲೋಹಿತ ಎಂದರೆ ಕೆಂಪು. ಈ ಬಳಗದಲ್ಲಿ ಕನ್ನಡದ ಫಾಂಟೂ ಇದೆ, ಯಾರು ಬೇಕಾದರೂ ಅದನ್ನು ಉಚಿತವಾಗಿ ಬಳಸಬಹುದು.

ಭಾಷೆ ಬದಲಿಸುವ ಕೀಲಿಗೂ ಇದೇ ಸೂಚನೆ ಬೇಕು. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮಾನ್ಯ ಮಾಡಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ‘ಕೆ’ ಕೀಲಿ ‘ಕ’ ಮೂಡಿಸಿದರೆ, ‘ಎಚ್’ ಕೀಲಿ ‘ಪ’ ಮೂಡಿಸುತ್ತದೆ. ಯಾವ ಭಾಷೆ ಚಾಲ್ತಿಯಲ್ಲಿದೆ ಎಂದು ಪರದೆ ಹೇಳದಿದ್ದರೆ ಗುಪ್ತಪದ ತಪ್ಪಾಗುತ್ತದೆ, ಪತ್ರದ ಮೊದಲ ಸಾಲು ಅಳಿಸಬೇಕಾಗುತ್ತದೆ.

ಚಿತ್ರ, ಪ್ರಮಾಣದ ಪಟ್ಟಿ, ಸಂಖ್ಯೆ, ತಾಯ್ನುಡಿಯ ಒಂದು ಪದ: ಇಷ್ಟಿದ್ದರೆ ಸೂಚನೆ ಎಲ್ಲರಿಗೂ ಅರ್ಥವಾಗುತ್ತದೆ. ಕೀಲಿ ಒತ್ತಿದವರಿಗೆ ಆದದ್ದೇನೆಂದು ತಿಳಿದಾಗಲೇ ಆ ಕೀಲಿಯ ಕೆಲಸ ಮುಗಿದಂತೆ.