ನಾಯಿ ಹಾಸಿಗೆ ಒದ್ದೆ ಮಾಡಿದರೆ ನೀರು ನಿಲ್ಲಿಸಬೇಡಿ

ನಾನು ಮನುಷ್ಯರ ವೈದ್ಯ. ಆದರೂ ರಕ್ತದೊತ್ತಡ ತೋರಿಸಲು ಬಂದವರು ಎದ್ದು ಹೊರಡುವ ಮುನ್ನ, ‘ನಮ್ಮ ನಾಯಿ ಹಾಸ್ಗ್ಯಾಗೇ ಉಚ್ಚಿ ಹೊಯ್ಲತ್ತದರೀ, ಏನರ ಗುಳಿಗಿ ಅದ ಏನ್ರಿ?’ ಎಂದು ಕೇಳುವುದು ಈಚೆಗೆ ಹೆಚ್ಚಾಗಿದೆ. ಕಲಬುರಗಿಯ ಬಡಾವಣೆಗಳಲ್ಲಿ ಪಮೇರಿಯನ್, ಪಗ್, ಶಿತ್ಸು, ಲಾಸಾ ಆಪ್ಸೊ, ಡ್ಯಾಶ್‌ಹೌಂಡ್‌ನಂಥ ಸಣ್ಣ ನಾಯಿಗಳು ಮನೆಯೊಳಗೇ ಬೆಳೆಯುತ್ತಿವೆ. ಅಂಗಳದ ನಾಯಿ ಎಲ್ಲಿ ಮೂತ್ರ ಮಾಡಿದರೂ ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಮಕ್ಕಳ ಪಕ್ಕದಲ್ಲಿ ಮಲಗುವ ನಾಯಿ ಹಾಸಿಗೆ ಒದ್ದೆ ಮಾಡಿದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ.

ಆಗ ಬಹಳಷ್ಟು ಮನೆಗಳಲ್ಲಿ ಮೊದಲು ಮಾಡುವ ಕೆಲಸ ನೀರಿನ ಬಟ್ಟಲನ್ನು ಎತ್ತಿಡುವುದು. ಎರಡನೆಯದು ನಾಯಿಗೆ ಬಡಿಯುವುದು. ಎರಡೂ ತಪ್ಪು, ಆದರೆ ಮೊದಲನೆಯದು ಪ್ರಾಣಕ್ಕೇ ಎರವಾಗಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುತ್ತಲೇ ಅದು ಮೈ ತಣಿಸಿಕೊಳ್ಳಬೇಕು, ಅದಕ್ಕೂ ನೀರು ಖರ್ಚಾಗುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕಲ್ಲು ಬೆಳೆಯಲು ಅನುಕೂಲವಾಗುತ್ತದೆ. ಮೂತ್ರಪಿಂಡದ ಕಾಯಿಲೆಯೋ ಮಧುಮೇಹವೋ ಇರುವ ನಾಯಿಯಾದರಂತೂ ಒಂದೇ ದಿನದಲ್ಲಿ ನೆಲಕ್ಕೆ ಬೀಳಬಹುದು. ಅದು ಹೆಚ್ಚು ನೀರು ಕುಡಿಯುವುದರಿಂದ ಹೆಚ್ಚು ಮೂತ್ರ ಮಾಡುತ್ತಿರುವುದಿಲ್ಲ. ಹೆಚ್ಚು ಮೂತ್ರ ಹೋಗುತ್ತಿರುವುದರಿಂದ ಹೆಚ್ಚು ನೀರು ಕುಡಿಯುತ್ತಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ನಾಯಿಯನ್ನು ಗಮನಿಸಿ. ಮೂತ್ರ ಹೋಗುತ್ತಿರುವುದು ಅದಕ್ಕೆ ಗೊತ್ತಿದೆಯೇ, ಇಲ್ಲವೇ? ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಪಶುವೈದ್ಯರ ಅರ್ಧ ಕೆಲಸ ಮುಗಿದಂತೆ.

ಎಚ್ಚರವಿದ್ದಾಗ ಸರಿಯಾಗಿಯೇ ಹೊರಗೆ ಹೋಗಿ ಬರುವ ನಾಯಿ, ಗಾಢ ನಿದ್ದೆಯಿಂದ ಎದ್ದಾಗ ಮಲಗಿದ ಜಾಗ ಒದ್ದೆಯಾಗಿದ್ದರೆ ಅದು ಸೋರಿಕೆ. ನಾಯಿಗೆ ಅದರ ಅರಿವೇ ಇರುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಗಳಲ್ಲಿ, ಕೆಲವು ತಿಂಗಳುಗಳ ಅಥವಾ ವರ್ಷಗಳ ನಂತರ, ಮೂತ್ರನಾಳದ ಬಾಯಿಯನ್ನು ಬಿಗಿಹಿಡಿಯುವ ಸ್ನಾಯು ಸಡಿಲಗೊಳ್ಳುವುದುಂಟು. ದೊಡ್ಡ ತಳಿಗಳಲ್ಲಿ ಇದು ಹೆಚ್ಚು, ಸಣ್ಣವು ಪೂರ್ತಿ ಪಾರಾಗಿಲ್ಲ. ಇದಕ್ಕೆ ಒಳ್ಳೆಯ ಔಷಧಿಗಳಿವೆ. ಅವುಗಳಲ್ಲೊಂದು ಫಿನೈಲ್‌ಪ್ರೊಪನೊಲಮೈನ್. ಒಂದು ಕಾಲದಲ್ಲಿ ನಮ್ಮ ನೆಗಡಿ ಗುಳಿಗೆಗಳಲ್ಲೂ ಇದು ಇರುತ್ತಿತ್ತು. ಮಿದುಳಿನ ರಕ್ತಸ್ರಾವದ ಅಪಾಯ ಕಂಡುಬಂದುದರಿಂದ 2000ದಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮನುಷ್ಯರ ಔಷಧಿಗಳಿಂದ ಇದನ್ನು ತೆಗೆಯುವಂತೆ ಹೇಳಿದರು. ನಾಯಿಗಳ ಚಿಕಿತ್ಸೆಯಲ್ಲಿ ಇದು ಉಳಿದುಕೊಂಡಿದೆ. ಇದನ್ನು ಪಶುವೈದ್ಯರು ತೂಕ ನೋಡಿ ಕೊಡಬೇಕೇ ಹೊರತು ಮನೆಯವರಲ್ಲ. ಸೋರಿಕೆಯ ಹೆದರಿಕೆಯಿಂದ ಶಸ್ತ್ರಚಿಕಿತ್ಸೆಯೇ ಬೇಡವೆನ್ನುವುದೂ ಸರಿಯಲ್ಲ. ಅದರ ಕಾರಣ ಮುಂದೆ ಬರುತ್ತದೆ.

ಹುಟ್ಟಿದಾಗಿನಿಂದಲೂ ಹಗಲು ರಾತ್ರಿ ಹನಿಯುತ್ತಿರುವ ಹೆಣ್ಣು ಮರಿಯಲ್ಲಿ, ಮೂತ್ರಪಿಂಡದಿಂದ ಬರುವ ನಾಳ ಮೂತ್ರಕೋಶಕ್ಕೆ ಸೇರದೆ ಬೇರೆಡೆ ತೆರೆದುಕೊಂಡಿರಬಹುದು. ಎಷ್ಟು ಕಲಿಸಿದರೂ ಇದು ನಿಲ್ಲುವುದಿಲ್ಲ, ಶಸ್ತ್ರಚಿಕಿತ್ಸೆಯೇ ಬೇಕು. ಡ್ಯಾಶ್‌ಹೌಂಡ್‌ನಂಥ ಉದ್ದ ಬೆನ್ನಿನ ನಾಯಿ ಒಮ್ಮೆಲೇ ಹಾಸಿಗೆ ಒದ್ದೆ ಮಾಡತೊಡಗಿ, ಹಿಂಗಾಲು ಎಳೆಯುತ್ತಿದ್ದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿದೆ ಎಂದು ತಿಳಿದು ಅಂದೇ ತೋರಿಸಬೇಕು.

ಇನ್ನೊಂದು ಬಗೆಯದರಲ್ಲಿ ನಾಯಿಗೆ ಅರಿವಿದೆ, ತಡೆಯಲು ಆಗುತ್ತಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕುಕ್ಕರಿಸುತ್ತದೆ, ನಾಲ್ಕು ಹನಿ ಬೀಳುತ್ತದೆ, ಆ ಜಾಗವನ್ನೇ ನೆಕ್ಕಿಕೊಳ್ಳುತ್ತದೆ. ಮೂತ್ರ ಕೆಂಪಾಗಿರಬಹುದು, ಕೆಟ್ಟ ವಾಸನೆ ಬರಬಹುದು. ಇದು ಮೂತ್ರಕೋಶದ ಸೋಂಕು ಅಥವಾ ಕಲ್ಲು. ಸಣ್ಣ ತಳಿಗಳಲ್ಲಿ ಕಲ್ಲು ಹೆಚ್ಚು. ಹೆಣ್ಣಿನಲ್ಲಿ ಸೋಂಕಿನ ಜೊತೆ ಬೆಳೆಯುವ ಸ್ಟ್ರೂವೈಟ್ ಎಂಬ ಬಗೆ ಸಾಮಾನ್ಯ. ವಿಶೇಷ ಆಹಾರ ಮತ್ತು ಆ್ಯಂಟಿಬಯೋಟಿಕ್‌ನಿಂದ ಅದನ್ನು ಕರಗಿಸಲು ಸಾಧ್ಯ. ಶಿತ್ಸು, ಲಾಸಾಗಳಲ್ಲಿ, ಅದರಲ್ಲೂ ಗಂಡಿನಲ್ಲಿ, ಹೆಚ್ಚಾಗಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಯಾವ ಔಷಧಿಗೂ ಕರಗುವುದಿಲ್ಲ, ತೆಗೆಯಬೇಕು.

ಗಂಡು ನಾಯಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದರ ಜನನಾಂಗದಲ್ಲಿ ಒಂದು ಎಲುಬಿದೆ. ಮೂತ್ರನಾಳ ಆ ಎಲುಬಿನ ಕೆಳಗಿನ ಕಾಲುವೆಯಲ್ಲಿ ಹಾದುಹೋಗುವುದರಿಂದ ಅಲ್ಲಿ ಅದು ಹಿಗ್ಗಲಾರದು. ಸಾಸಿವೆಗಿಂತ ಸ್ವಲ್ಪ ದೊಡ್ಡ ಕಲ್ಲು ಬಂದರೂ ಸಣ್ಣ ನಾಯಿಯಲ್ಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಮಲಾಪುರದ ಬಾಳೆ ತೋಟದ ಮನೆಯೊಂದರವರು ತಾಯಿಯನ್ನು ತೋರಿಸಲು ಬಂದಾಗ, ತಮ್ಮ ಲಾಸಾ ನಾಯಿಗೆ ‘ಮಲಬದ್ಧತೆ’ ಎಂದು ಹೇಳಿದರು. ಹಿಂದಿನ ದಿನ ಮಧ್ಯಾಹ್ನದಿಂದ ಮುಕ್ಕುತ್ತಿತ್ತು. ಹರಳೆಣ್ಣೆ ಕುಡಿಸಿದ್ದರು, ಕಲ್ಲಿರಬಹುದೆಂಬ ಸಂಶಯದಿಂದ ಬಾಳೆದಿಂಡಿನ ರಸವನ್ನೂ ಕುಡಿಸಿದ್ದರು. ಕೆಂಪು ಬಾಳೆಗೆ ಹೆಸರಾದ ಊರಲ್ಲಿ ದಿಂಡಿಗೇನು ಕೊರತೆ! ‘ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?’ ಎಂದು ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ತಾಯಿಯ ಮಾತ್ರೆಗಳನ್ನು ಆಮೇಲೆ ಬರೆಯೋಣ, ಮೊದಲು ನಾಯಿಯನ್ನು ತರಿಸಿ ಪಶು ಆಸ್ಪತ್ರೆಗೆ ಒಯ್ಯಿರಿ ಎಂದೆ. ಅಲ್ಲಿ ನಳಿಕೆ ಹಾಕಿ ಕಲ್ಲನ್ನು ಹಿಂದಕ್ಕೆ ತಳ್ಳಿ ಮೂತ್ರ ಬಿಡಿಸಿದರು, ಬಳಿಕ ಶಸ್ತ್ರಚಿಕಿತ್ಸೆ ಮಾಡಿದರು. ನಾಯಿ ಉಳಿಯಿತು.

ಮೂತ್ರಕ್ಕೆ ಮುಕ್ಕುವುದೂ ಮಲಕ್ಕೆ ಮುಕ್ಕುವುದೂ ನೋಡುವವರಿಗೆ ಒಂದೇ ರೀತಿ ಕಾಣುತ್ತದೆ. ಮೂತ್ರ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು, ಮೂತ್ರಕೋಶ ಒಡೆಯಬಹುದು. ಮುಕ್ಕುತ್ತಿದ್ದು ಹನಿಯೂ ಬಾರದಿದ್ದರೆ, ಹೊಟ್ಟೆ ಬಿಗಿದು ವಾಂತಿ ಶುರುವಾದರೆ ಬೆಳಗಾಗಲಿ ಎಂದು ಕಾಯಬಾರದು. ದಿಂಡಿನ ರಸ ಒಳಗೆ ಇನ್ನಷ್ಟು ನೀರು ತುಂಬುತ್ತದೆಯೇ ಹೊರತು ದಾರಿ ಬಿಡಿಸುವುದಿಲ್ಲ.

ಕೆಲವು ನಾಯಿಗಳಲ್ಲಿ ಹಾಸಿಗೆ ಒದ್ದೆಯಾಗುವುದಕ್ಕೆ ಕಾರಣ ಮೂತ್ರದ ಪ್ರಮಾಣವೇ ಹೆಚ್ಚಾಗಿರುವುದು. ಆರೋಗ್ಯವಂತ ನಾಯಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ಕುಡಿಯುತ್ತದೆ. ಬಿಸಿಲಿನಲ್ಲಿ ತುಸು ಹೆಚ್ಚು. 100 ಮಿ.ಲೀ. ದಾಟಿದರೆ, ಎಂದರೆ 5 ಕಿಲೋ ನಾಯಿ ದಿನವೂ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ, ರಕ್ತಪರೀಕ್ಷೆ ಆಗಲೇಬೇಕು. ಮಧುಮೇಹ, ಮೂತ್ರಪಿಂಡದ ವೈಫಲ್ಯ, ಹಾರ್ಮೋನು ದೋಷ ಇವೆಲ್ಲ ನಾಯಿಗೂ ಬರುತ್ತವೆ. ತುರಿಕೆಗೆಂದು ಕೊಟ್ಟ ಸ್ಟಿರಾಯ್ಡ್ ಗುಳಿಗೆಯಿಂದಲೂ ಹೀಗಾಗುತ್ತದೆ. ಶಸ್ತ್ರಚಿಕಿತ್ಸೆಯಾಗದ ಹೆಣ್ಣು ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿದು, ಊಟ ಬಿಟ್ಟು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ಜೀವ ತೆಗೆಯುವ ರೋಗ. ಸಂತಾನಹರಣ ಮಾಡಿಸಿದ್ದರೆ ಅದು ಬರುವುದೇ ಇಲ್ಲವೆನ್ನಬಹುದು. ಮೇಲೆ ಹೇಳಿದ ಕಾರಣ ಇದೇ.

ಎಳೆಯ ಮರಿ ರಾತ್ರಿಯಿಡೀ ತಡೆಯಲಾರದು. ನೆಂಟರು ಬಂದಾಗ ಖುಷಿಗೋ ಹೆದರಿಕೆಗೋ ನಾಲ್ಕು ಹನಿ ಬಿಡುವ ನಾಯಿಗಳೂ ಇವೆ. ಇವು ರೋಗವಲ್ಲ. ಬೈದರೆ ಹೆಚ್ಚಾಗುತ್ತದೆ.

ಮನೆಯ ಔಷಧಿ ಡಬ್ಬಿಯ ಬಗ್ಗೆ ಮಾತ್ರ ವೈದ್ಯನಾಗಿ ಕಟ್ಟುನಿಟ್ಟಾಗಿ ಹೇಳುತ್ತೇನೆ. 4 ಕಿಲೋ ನಾಯಿಗೆ 500 ಮಿ.ಗ್ರಾಂ. ಪ್ಯಾರಸಿಟಮಾಲ್ ಒಂದು ಗುಳಿಗೆಯೇ ವಿಷವಾಗುವಷ್ಟು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಹರಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ವಿಜಯಪುರದ ಕಡೆಯಿಂದ ಬರುವ ದ್ರಾಕ್ಷಿ, ಒಣದ್ರಾಕ್ಷಿ ನಮಗೆ ಮೇವಾದರೂ ನಾಯಿಯ ಮೂತ್ರಪಿಂಡಕ್ಕೆ ಕೇಡು, ಪ್ರೀತಿಯಿಂದಲೂ ತಿನ್ನಿಸಬೇಡಿ.

ಮನೆಯವರ ಆರೋಗ್ಯದ ಮಾತೂ ಇದೆ. ಇಲಿಜ್ವರವೆಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಇಲಿಯಿಂದ ಮಾತ್ರವಲ್ಲ, ಸೋಂಕು ತಗುಲಿದ ನಾಯಿಯ ಮೂತ್ರದಿಂದಲೂ ಹರಡುತ್ತದೆ. ಮಳೆಗಾಲದಲ್ಲಿ ಎಚ್ಚರ ಹೆಚ್ಚಿರಬೇಕು. ನಾಯಿಗೆ ಇದರ ಲಸಿಕೆ ಇದೆ, ವರ್ಷಕ್ಕೊಮ್ಮೆ ಹಾಕಿಸಬೇಕು. ಒದ್ದೆ ಹಾಸಿಗೆಯನ್ನು ಕೈಗವಸು ಹಾಕಿಕೊಂಡು ತೆಗೆಯಿರಿ, ಕೈಯಲ್ಲಿ ಗಾಯವಿದ್ದವರು ದೂರವಿರಿ. ನೆಲಕ್ಕೆ ಬ್ಲೀಚಿಂಗ್ ದ್ರಾವಣ ಸಾಕು, ಒರೆಸಿ ಒಣಗುವತನಕ ನಾಯಿಯನ್ನು ಬಿಡಬೇಡಿ. ಫಿನೈಲ್ ಬೇಡ, ನಾಯಿ ಕಾಲು ನೆಕ್ಕಿಕೊಳ್ಳುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ, ನಾಯಿ ಸಾಕಿರುವುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಪಶುವೈದ್ಯರಲ್ಲಿಗೆ ಹೋಗುವಾಗ ಎರಡು ದಿನ ನಾಯಿ ಕುಡಿದ ನೀರಿನ ಅಳತೆ ಬರೆದುಕೊಂಡು ಹೋಗಿ, ಅದು ಮೂತ್ರ ಮಾಡುವ ರೀತಿಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಬೆಳಗಿನ ಮೊದಲ ಮೂತ್ರವನ್ನು ಸ್ವಚ್ಛ ಬಟ್ಟಲಿನಲ್ಲಿ ಹಿಡಿದು ಒಂದೆರಡು ಗಂಟೆಯೊಳಗೆ ತಲುಪಿಸಿ. ಕೆಮ್ಮಿನ ಔಷಧಿಯ ಹಳೆಯ ಸೀಸೆಯಲ್ಲಿ ಮಾತ್ರ ಒಯ್ಯಬೇಡಿ, ನಾಯಿಗೆ ಇಲ್ಲದ ಸಕ್ಕರೆ ಪರೀಕ್ಷೆಯಲ್ಲಿ ಕಾಣಿಸಿಕೊಂಡೀತು.